ಸಾಲು ಬಿಟ್ಟ ಸೈನಿಕರು: ತೆರೆಯ ಮೇಲಿನ ಥರ್ಮೊಪಿಲೆ

ಪರ್ಷಿಯಾದ ದೂತ ಸ್ಪಾರ್ಟಾಕ್ಕೆ ಬರುತ್ತಾನೆ. ಶರಣಾದ ಗುರುತಿಗೆ ಮಣ್ಣು ಮತ್ತು ನೀರು ಕೊಡಿ ಅನ್ನುತ್ತಾನೆ. ರಾಜ ಲಿಯೊನಿಡಾಸ್ ಅವನನ್ನು ಬಾವಿಗೆ ಒದೆಯುತ್ತಾನೆ. 2007ರಲ್ಲಿ ಜಗತ್ತಿನಾದ್ಯಂತ ತೆರೆಕಂಡ '300' ಸಿನಿಮಾದ ಈ ದೃಶ್ಯವನ್ನು ಆ ಸಿನಿಮಾ ನೋಡದವರೂ ನೋಡಿರುತ್ತಾರೆ. ಮೀಮ್ ಆಗಿ, ಚಿಕ್ಕ ವಿಡಿಯೊ ಆಗಿ ಅದು ಇವತ್ತಿಗೂ ಫೋನಿಂದ ಫೋನಿಗೆ ಓಡಾಡುತ್ತಿದೆ. ಕ್ರಿ.ಪೂ. 480ರಲ್ಲಿ ಗ್ರೀಸಿನ ಥರ್ಮೊಪಿಲೆ ಎಂಬ ಇಕ್ಕಟ್ಟು ಕಣಿವೆಯಲ್ಲಿ ಲಿಯೊನಿಡಾಸ್ ಮತ್ತು ಅವನ ಮುನ್ನೂರು ಸ್ಪಾರ್ಟಾ ಸೈನಿಕರು ಪರ್ಷಿಯಾದ ರಾಜ ಕ್ಸೆರ್ಕ್ಸಿಸನ ಸೇನೆಗೆ ಎದುರು ನಿಂತು ಸತ್ತ ಕಥೆ ಈ ಸಿನಿಮಾದ್ದು.

ಈ ಘಟನೆ ಪೂರ್ತಿ ಕಟ್ಟುಕಥೆಯೇನಲ್ಲ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಇದನ್ನು ಬರೆದಿದ್ದಾನೆ. ಆದರೆ ಅವನ ಪ್ರಕಾರ ಇದು ನಡೆದದ್ದು ಥರ್ಮೊಪಿಲೆ ಯುದ್ಧಕ್ಕೆ ಸುಮಾರು ಹತ್ತು ವರ್ಷ ಮೊದಲು, ಕ್ಸೆರ್ಕ್ಸಿಸನ ಅಪ್ಪ ಡೇರಿಯಸ್ ಆಳುತ್ತಿದ್ದಾಗ. ಅಥೆನ್ಸಿನವರು ದೂತರನ್ನು ಗುಂಡಿಗೆ ತಳ್ಳಿದರು. ಸ್ಪಾರ್ಟಾದವರು ಬಾವಿಗೆ ತಳ್ಳಿ, ಮಣ್ಣು ನೀರು ಅಲ್ಲೇ ತೆಗೆದುಕೊಳ್ಳಿ ಅಂದರು. ಕಥೆಯ ಮುಂದಿನ ಭಾಗ ಇದಕ್ಕಿಂತ ದೊಡ್ಡದು. ದೂತರನ್ನು ಕೊಂದ ಮೇಲೆ ಸ್ಪಾರ್ಟಾದಲ್ಲಿ ಬಲಿ ಕೊಟ್ಟಾಗಲೆಲ್ಲ ಶಕುನ ಕೆಟ್ಟದಾಗಿ ಬರತೊಡಗಿತು. ಜನ ಹೆದರಿದರು. ಊರಿಗಾಗಿ ಪ್ರಾಣ ಕೊಡುವವರು ಯಾರಿದ್ದೀರಿ ಎಂದು ಸಭೆ ಸೇರಿಸಿ ಮತ್ತೆ ಮತ್ತೆ ಕೇಳಿದರು. ಸ್ಪೆರ್ಥಿಯಾಸ್ ಮತ್ತು ಬೂಲಿಸ್ ಎಂಬ ಇಬ್ಬರು ಮುಂದೆ ಬಂದರು. ಅಷ್ಟು ದೂರದ ಸೂಸಾ ನಗರಕ್ಕೆ ಹೋಗಿ ಕ್ಸೆರ್ಕ್ಸಿಸನ ಮುಂದೆ ನಿಂತರು. ಅಡ್ಡಬೀಳುವುದಕ್ಕೆ ಮಾತ್ರ ಒಪ್ಪಲಿಲ್ಲ. ನಿಮ್ಮ ದೂತರ ಜೀವಕ್ಕೆ ನಮ್ಮ ಜೀವ ತೆಗೆದುಕೊಳ್ಳಿ ಅಂದರು. ಕ್ಸೆರ್ಕ್ಸಿಸ್ ಅವರನ್ನು ಕೊಲ್ಲಲಿಲ್ಲ. ದೂತರನ್ನು ಕೊಂದು ನೀವು ಎಲ್ಲ ಮನುಷ್ಯರ ಕಟ್ಟಳೆಯನ್ನೇ ಮುರಿದಿರಿ, ನಾನು ಆ ತಪ್ಪು ಮಾಡುವುದಿಲ್ಲ ಎಂದು ಇಬ್ಬರನ್ನೂ ವಾಪಸ್ ಕಳಿಸಿದ.

ಸಿನಿಮಾ ಇದರಲ್ಲಿ ಮೊದಲ ಅರ್ಧವನ್ನು ಇಟ್ಟುಕೊಂಡಿತು, ಉಳಿದದ್ದನ್ನು ಬಿಟ್ಟಿತು. ಬಿಟ್ಟುಹೋದ ಅರ್ಧದಲ್ಲಿ ಸ್ಪಾರ್ಟಾದ ಪಶ್ಚಾತ್ತಾಪ ಇದೆ, ಪರ್ಷಿಯಾದ ರಾಜನ ಸಂಯಮ ಇದೆ. ಹಳೆಯ ಯುದ್ಧಗಳನ್ನು ಅದ್ದೂರಿ ಆ್ಯಕ್ಷನ್ ಆಗಿ ತೋರಿಸುವ ಸಿನಿಮಾ ಬಂದಾಗಲೆಲ್ಲ ಜಗಳ ಶುರುವಾಗುವುದು ಬಟ್ಟೆಯಿಂದ. ಆ ಶಿರಸ್ತ್ರಾಣ ತಪ್ಪು, ಆ ಕತ್ತಿ ಆ ಕಾಲದ್ದಲ್ಲ, ಆ ಪ್ರಾಣಿ ಅಲ್ಲಿರಲಿಲ್ಲ. ಆ ತಪ್ಪುಗಳು ನಿಜವೇ. ಆದರೆ ನನಗೆ ನೋವಾಗುವುದು ಬಾವಿಯ ಕಥೆಯಲ್ಲಿ ಆದಂಥ ಕತ್ತರಿಪ್ರಯೋಗದಿಂದ.

ಶೈಲಿ ಅನ್ನುವುದನ್ನೇ ತಪ್ಪು ಅನ್ನಲಾಗದು. '300' ಒಂದು ಕಾಮಿಕ್ಸ್ ಪುಸ್ತಕ ಆಧರಿಸಿದ ಸಿನಿಮಾ. ನಿರ್ದೇಶಕ ಝ್ಯಾಕ್ ಸ್ನೈಡರ್ ಅದನ್ನು ಬಹುತೇಕ ಪೂರ್ತಿಯಾಗಿ ಮಾಂಟ್ರಿಯಲ್‌ನ ಸ್ಟುಡಿಯೊ ಒಳಗೇ ಚಿತ್ರಿಸಿದರು. ಹಿಂದೆ ಬರೀ ನೀಲಿ ಪರದೆ. ಆಕಾಶ, ಸಮುದ್ರ, ಬಂಡೆ ಎಲ್ಲವೂ ಆಮೇಲೆ ಕಂಪ್ಯೂಟರಿನಲ್ಲಿ ಬಂದವು. ಕ್ಯಾಮೆರಾ ಸೆಕೆಂಡಿಗೆ ಜಾಸ್ತಿ ಫ್ರೇಮ್ ಹಿಡಿಯುತ್ತದೆ, ಮಾಮೂಲಿ ವೇಗದಲ್ಲಿ ಓಡಿಸಿದಾಗ ಚಲನೆ ನಿಧಾನವಾಗುತ್ತದೆ. ಈಟಿ ಚುಚ್ಚುವ ಕ್ಷಣಕ್ಕೆ ನಿಧಾನ, ಮುಂದಿನವನ ಕಡೆ ತಿರುಗುವಾಗ ಸರ್ರನೆ ವೇಗ. ಬಣ್ಣವನ್ನೂ ಹಿಂಡಿ ತೆಗೆದು ಕೆಂಪು ಮತ್ತು ಕಂದು ಮಾತ್ರ ಉಳಿಸಿದಂತೆ ಕಾಣುತ್ತದೆ. ನೋಡಿದವನಿಗೆ ಇದು ಸಾಕ್ಷ್ಯಚಿತ್ರ ಎಂಬ ಭ್ರಮೆ ಬರುವುದಿಲ್ಲ.

ಬರಿಮೈ ಸೈನಿಕರ ವಿಷಯಕ್ಕೂ ಸುಮ್ನೆ ನಕ್ಕು ಮುಂದೆ ಹೋಗಬಾರದು. ನಿಜವಾದ ಸ್ಪಾರ್ಟಾ ಸೈನಿಕನ ತಲೆಗೆ ಕಂಚಿನ ಶಿರಸ್ತ್ರಾಣ, ಕಾಲಿಗೆ ಕಂಚಿನ ಕವಚ ಇರುತ್ತಿತ್ತು. ಎದೆಗೆ ಕಂಚಿನದೋ ದಪ್ಪ ನಾರುಬಟ್ಟೆಯದೋ ಕವಚ. ಆದರೆ ಅದೇ ಗ್ರೀಕರು ತಮ್ಮ ಮಡಕೆಗಳ ಮೇಲೆ ವೀರರನ್ನು ಬೆತ್ತಲೆಯಾಗಿ ಬರೆದರು. 1814ರಲ್ಲಿ ಫ್ರೆಂಚ್ ಚಿತ್ರಕಾರ ಜಾಕ್ ಲೂಯಿ ದಾವಿದ್ ಮುಗಿಸಿದ ಥರ್ಮೊಪಿಲೆ ಚಿತ್ರದಲ್ಲೂ ಲಿಯೊನಿಡಾಸ್ ಬೆತ್ತಲೆ. ಸಿನಿಮಾ ಈ ಹಳೆಯ ರೂಢಿಯನ್ನೇ ಮುಂದುವರಿಸಿದೆ. ಸಂಖ್ಯೆಯ ಕಥೆಯೂ ಹೀಗೇ. ಕ್ಸೆರ್ಕ್ಸಿಸನ ಜೊತೆ 26 ಲಕ್ಷಕ್ಕೂ ಹೆಚ್ಚು ಕಾದಾಳುಗಳಿದ್ದರು ಎಂದು ಹೆರೊಡೋಟಸನೇ ಬರೆದಿದ್ದಾನೆ. ಅಷ್ಟು ಜನಕ್ಕೆ ನೀರು, ಧಾನ್ಯ ಒದಗಿಸುವುದು ಅಸಾಧ್ಯ. ಇವತ್ತಿನ ಇತಿಹಾಸಕಾರರು ಹೆಚ್ಚಾಗಿ ಒಂದರಿಂದ ಮೂರು ಲಕ್ಷದೊಳಗಿನ ಲೆಕ್ಕ ಹೇಳುತ್ತಾರೆ. ಉತ್ಪ್ರೇಕ್ಷೆ ಶುರುವಾಗಿದ್ದು ಹಾಲಿವುಡ್‌ನಲ್ಲಿ ಅಲ್ಲ.

ಸಿನಿಮಾ ಸರಿಯಾಗಿ ಹಿಡಿದ ಸಂಗತಿಗಳೂ ಇವೆ. ಬಾಣಗಳು ಸೂರ್ಯನನ್ನೇ ಮುಚ್ಚುತ್ತವೆ ಅಂದಾಗ, ಹಾಗಾದರೆ ನೆರಳಲ್ಲಿ ಕಾದಾಡೋಣ ಅನ್ನುವ ಮಾತು ಹೆರೊಡೋಟಸನಲ್ಲಿದೆ. ಅಲ್ಲಿ ಅದನ್ನು ಹೇಳುವವನು ಡಯೆನೆಸಿಸ್. ಕೊನೆಯಲ್ಲಿ ಬಾಣಗಳ ಮಳೆಗೆ ಎಲ್ಲರೂ ಸಾಯುವುದೂ ಸರಿಯೇ. 1939ರಲ್ಲಿ ಪುರಾತತ್ವಜ್ಞ ಸ್ಪೈರಿಡಾನ್ ಮರಿನಾಟೋಸ್ ಥರ್ಮೊಪಿಲೆಯ ಸಣ್ಣ ಗುಡ್ಡವೊಂದರಲ್ಲಿ ಅಗೆದಾಗ ರಾಶಿ ಬಾಣದ ಮೊನೆಗಳು ಸಿಕ್ಕವು. ಉಳಿದವರು ಕೊನೆಗೆ ಒಂದು ಗುಡ್ಡ ಹತ್ತಿ ನಿಂತರು, ಪರ್ಷಿಯನ್ನರು ದೂರದಿಂದಲೇ ಹೊಡೆದು ಮುಗಿಸಿದರು ಎಂದು ಹೆರೊಡೋಟಸ್ ಬರೆದದ್ದಕ್ಕೆ ಅದು ತಾಳೆಯಾಗುತ್ತದೆ.

ಈಗ ಕಾದಾಟಕ್ಕೇ ಬರೋಣ. ಈ ಬಗೆಯ ಸಿನಿಮಾಗಳು ಅತಿ ದೊಡ್ಡ ತಪ್ಪು ಮಾಡುವುದು ಇಲ್ಲೇ ಅಂತ ನನ್ನ ಅನಿಸಿಕೆ.

ಗ್ರೀಕ್ ಕಾಲಾಳುಗಳು ಫ್ಯಾಲಂಕ್ಸ್ ಎಂಬ ಒತ್ತೊತ್ತಾದ ಸಾಲುಗಳಲ್ಲಿ ನಿಲ್ಲುತ್ತಿದ್ದರು. ಎಡಗೈಯಲ್ಲಿ ಸುಮಾರು 90 ಸೆಂಟಿಮೀಟರ್ ಅಗಲದ ದುಂಡು ಗುರಾಣಿ, ಬಲಗೈಯಲ್ಲಿ ಎರಡು ಮೀಟರಿಗೂ ಉದ್ದದ ಈಟಿ. ಗುರಾಣಿ ಎಷ್ಟು ಅಗಲವೆಂದರೆ ಅದರ ಅರ್ಧ ಎಡಬದಿಯವನ ಕಡೆಗೆ ಚಾಚುತ್ತಿತ್ತು. ಅಂದರೆ ನನ್ನ ಬಲಮೈ ಕಾಯುವುದು ಪಕ್ಕದವನ ಗುರಾಣಿ. ಇನ್ನೊಬ್ಬ ಗ್ರೀಕ್ ಇತಿಹಾಸಕಾರ ಥುಸಿಡಿಡಿಸ್ ಒಂದು ಸೂಕ್ಷ್ಮ ಬರೆದಿದ್ದಾನೆ: ಎಲ್ಲ ಸೇನೆಗಳೂ ಮುಂದೆ ನಡೆಯುತ್ತಾ ಬಲಕ್ಕೆ ಸರಿಯುತ್ತವೆ, ಯಾಕೆಂದರೆ ಹೆದರಿದ ಪ್ರತಿಯೊಬ್ಬನೂ ತನ್ನ ಬಲಬದಿಯವನ ಗುರಾಣಿಯ ಮರೆಗೆ ಒತ್ತಿಕೊಳ್ಳುತ್ತಾನೆ. ಒಂದು ಸಾಲಿನ ಭಯ, ಒಂದು ಸಾಲಿನ ನಂಬಿಕೆ ಎರಡೂ ಇದರಲ್ಲಿದೆ ಅಲ್ವಾ? ಮುಂದಿನ ಕಾಲದ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿಟ್ಟ ಇನ್ನೊಂದು ಮಾತಿದೆ. ಶಿರಸ್ತ್ರಾಣ ಕಳೆದುಕೊಂಡವನನ್ನು ಬಿಟ್ಟು ಗುರಾಣಿ ಕಳೆದುಕೊಂಡವನನ್ನೇ ಸ್ಪಾರ್ಟಾ ಯಾಕೆ ಹೀನಾಯ ಮಾಡುತ್ತದೆ ಎಂದು ಕೇಳಿದಾಗ ಸಿಕ್ಕ ಉತ್ತರ ಅದು: ಶಿರಸ್ತ್ರಾಣ ಇರುವುದು ತನಗಾಗಿ, ಗುರಾಣಿ ಇರುವುದು ಇಡೀ ಸಾಲಿಗಾಗಿ.

'300'ಕ್ಕೆ ಇದು ಗೊತ್ತಿದೆ. ಸಿನಿಮಾದ ಲಿಯೊನಿಡಾಸ್ ಇದನ್ನೇ ಬಿಡಿಸಿ ಹೇಳುತ್ತಾನೆ. ಮೊದಲ ದಾಳಿಯಲ್ಲಿ ಗುರಾಣಿಗಳು ಒಂದಕ್ಕೊಂದು ಒತ್ತಿ ನಿಲ್ಲುವುದನ್ನೂ ತೋರಿಸುತ್ತದೆ. ಸ್ವಲ್ಪ ಹೊತ್ತಿಗೆ ಸಾಲು ಒಡೆಯುತ್ತದೆ. ಆಮೇಲೆ ಒಬ್ಬೊಬ್ಬನೇ ಮುಂದೆ ನುಗ್ಗುವುದು, ತಿರುಗುವುದು, ಹಾರುವುದು. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಸಾಲಿನ ಯುದ್ಧದಲ್ಲಿ ಮುಖ ಕಾಣುವುದಿಲ್ಲ. ಶಿರಸ್ತ್ರಾಣದ ಒಳಗೆ ಎಲ್ಲರೂ ಒಂದೇ ಥರ. ಧೂಳು, ತಳ್ಳಾಟ, ಉಸಿರುಗಟ್ಟುವ ಇಕ್ಕಟ್ಟು. ನಾಯಕನ ಮುಖಕ್ಕೆ ದುಡ್ಡು ಕೊಟ್ಟ ಸ್ಟುಡಿಯೊ ಆ ಮುಖವನ್ನು ಎರಡು ಗಂಟೆ ಕಂಚಿನೊಳಗೆ ಮುಚ್ಚಿಡುವುದಿಲ್ಲ.

ಆದರೆ ಇದರಿಂದ ಹೋಗುವುದು ಯುದ್ಧತಂತ್ರದ ಒಂದು ವಿವರ ಮಾತ್ರವಲ್ಲ. ಆ ಜನ ಯಾವುದನ್ನು ಧೈರ್ಯ ಅಂದುಕೊಂಡಿದ್ದರೋ ಅದೇ ಹೋಗುತ್ತದೆ. ಇದಕ್ಕೆ ಅರಿಸ್ಟೊಡಿಮಸನ ಕಥೆಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಥರ್ಮೊಪಿಲೆಯಲ್ಲಿ ಇಬ್ಬರು ಸ್ಪಾರ್ಟಾ ಸೈನಿಕರಿಗೆ ಕಣ್ಣುಬೇನೆ ಬಂದು, ಲಿಯೊನಿಡಾಸ್ ಅವರನ್ನು ಹತ್ತಿರದ ಹಳ್ಳಿಗೆ ಕಳಿಸಿದ್ದ. ಪರ್ಷಿಯನ್ನರು ಬೆಟ್ಟದ ದಾರಿ ಸುತ್ತಿ ಬಂದ ಸುದ್ದಿ ಕೇಳಿ ಯೂರಿಟಸ್ ಎಂಬವನು ತನ್ನ ಆಳಿನ ಕೈಹಿಡಿದು ರಣಕ್ಕೆ ವಾಪಸ್ ಹೋಗಿ ಸತ್ತ. ಇನ್ನೊಬ್ಬ ಅರಿಸ್ಟೊಡಿಮಸ್. ಅವನು ಮನೆಗೆ ಹೋದ. ಸ್ಪಾರ್ಟಾದಲ್ಲಿ ಅವನೊಡನೆ ಯಾರೂ ಮಾತಾಡಲಿಲ್ಲ. ಒಲೆ ಹೊತ್ತಿಸಲು ಕೆಂಡವನ್ನೂ ಕೊಡಲಿಲ್ಲ. ನಡುಗುಪುಕ್ಕಲ ಎಂಬ ಅಡ್ಡಹೆಸರು ಬಿತ್ತು. ಮರುವರ್ಷ, ಕ್ರಿ.ಪೂ. 479ರಲ್ಲಿ, ಪರ್ಷಿಯನ್ನರ ವಿರುದ್ಧ ನಡೆದ ಪ್ಲಾಟಿಯಾ ಯುದ್ಧದಲ್ಲಿ ಅವನು ಸಾಲು ಬಿಟ್ಟು ಒಬ್ಬನೇ ಮುಂದೆ ನುಗ್ಗಿದ, ಹುಚ್ಚೆದ್ದವನಂತೆ ಕಾದಾಡಿ ಸತ್ತ. ಅಲ್ಲಿ ಅತಿ ಚೆನ್ನಾಗಿ ಕಾದಿದವನು ಇವನೇ ಎಂದು ಹೆರೊಡೋಟಸನ ಅಭಿಪ್ರಾಯ. ಸ್ಪಾರ್ಟಾ ಒಪ್ಪಲಿಲ್ಲ. ಅವನು ಸಾಯಬೇಕೆಂದೇ ಸಾಲು ಬಿಟ್ಟ, ಪೊಸಿಡೋನಿಯಸ್ ಸಾಯುವ ಆಸೆ ಇಲ್ಲದೆಯೂ ಧೈರ್ಯದಿಂದ ಕಾದ, ಆದ್ದರಿಂದ ಅವನೇ ಮೇಲು ಅಂದರು. ಅರಿಸ್ಟೊಡಿಮಸನಿಗೆ ಗೌರವ ಸಿಗಲಿಲ್ಲ.

ಈಗ ಸಿನಿಮಾ ನೋಡಿ. ಅಲ್ಲಿ ಡಿಲಿಯೋಸ್ ಎಂಬ ಪಾತ್ರ ಒಂದು ಕಣ್ಣು ಕಳೆದುಕೊಳ್ಳುತ್ತಾನೆ, ಕಥೆ ಹೇಳಲೆಂದು ರಾಜನೇ ಅವನನ್ನು ಊರಿಗೆ ಕಳಿಸುತ್ತಾನೆ. ಅರಿಸ್ಟೊಡಿಮಸನ ನೆರಳಲ್ಲಿ ಮೂಡಿದ ಪಾತ್ರ ಇದು. ಆದರೆ ಇಲ್ಲಿ ಅವನಿಗೆ ಅವಮಾನ ಇಲ್ಲ, ಮರ್ಯಾದೆ ಇದೆ. ಕೊನೆಗೆ ಪ್ಲಾಟಿಯಾದಲ್ಲಿ ಸೇನೆಯ ಮುಂದೆ ಓಡುವವನೂ ಅವನೇ. ಬದುಕಿ ಬಂದವನನ್ನು ತನ್ನ ಜನರೇ ಜೀವಂತ ಹೂಳಿದ ಕಥೆ ಎಲ್ಲಿ, ಇದೆಲ್ಲಿ? ಒಂಟಿಯಾಗಿ ನುಗ್ಗುವುದನ್ನು ಸಿನಿಮಾ ವೀರತನದ ತುದಿ ಎಂದು ತೋರಿಸುತ್ತದೆ. ಆ ಕಾಲದ ಸ್ಪಾರ್ಟಾ ಅದಕ್ಕೇ ಬಹುಮಾನ ನಿರಾಕರಿಸಿತ್ತು. ಗುರಾಣಿಯ ಅಳತೆ ತಪ್ಪಾದರೆ ತಿದ್ದಬಹುದು. ಈ ತಪ್ಪು ಹಾಗೆ ತಿದ್ದಲಾಗುವಂಥದ್ದಲ್ಲ, ಇಡೀ ಸಿನಿಮಾ ಅದರ ಮೇಲೇ ನಿಂತಿದೆ.

ಮುನ್ನೂರು ಅನ್ನುವ ಸಂಖ್ಯೆಯ ಹಿಂದೆ ಮರೆಯಾದವರು ಬೇರೆ. ಕಣಿವೆಯಲ್ಲಿ ಮೊದಲಿಗೆ ಸೇರಿದ್ದ ಗ್ರೀಕರು ಸುಮಾರು 7,000. ಕೊನೆಯ ದಿನ ಲಿಯೊನಿಡಾಸನ ಜೊತೆ ಥೆಸ್ಪಿಯಾದ 700 ಮಂದಿ ಉಳಿದರು, ಡೆಮೊಫಿಲಸ್ ಅವರ ನಾಯಕ. ಥೆಸ್ಪಿಯಾ ಚಿಕ್ಕ ಊರು. ಅವರೆಲ್ಲ ಅಲ್ಲೇ ಸತ್ತರು, ಆಮೇಲೆ ಕ್ಸೆರ್ಕ್ಸಿಸ್ ಅವರ ಊರನ್ನೂ ಸುಟ್ಟ. ಸ್ಪಾರ್ಟಾದ ಎರಡು ಪಟ್ಟಿಗೂ ಜಾಸ್ತಿ ಜನ ಕೊಟ್ಟ ಈ ಊರಿಗೆ ಸಿನಿಮಾದಲ್ಲಿ ಜಾಗ ಇಲ್ಲ. ಥರ್ಮೊಪಿಲೆಯಲ್ಲಿ ಲಿಯೊನಿಡಾಸನ ಸ್ಮಾರಕ 1955ರಲ್ಲೇ ಬಂತು, ಇವರದ್ದು ಬಂದದ್ದು 1997ರಲ್ಲಿ. ಅದೇ ಹೊತ್ತಿಗೆ ಆರ್ಟೆಮಿಸಿಯಮ್ ಬಳಿ ಪರ್ಷಿಯಾದ ನೌಕಾಪಡೆಯನ್ನು ತಡೆಯುತ್ತಿದ್ದ ಗ್ರೀಕ್ ಹಡಗುಗಳಿಗೂ ಇದೇ ಗತಿ. ಆ ಹಡಗುಗಳಿಲ್ಲದಿದ್ದರೆ ಕಣಿವೆಯನ್ನು ಕಾದು ಉಪಯೋಗವೇ ಇರಲಿಲ್ಲ.

ಹೆಲಟರ ವಿಷಯ ಇನ್ನೂ ಗಂಭೀರ. ಸ್ಪಾರ್ಟಾದ ಹೊಲ ಉಳುತ್ತಿದ್ದ, ಆಳಾಗಿ ಬಂಧನದಲ್ಲಿದ್ದ ಜನ ಇವರು. ಸ್ಪಾರ್ಟಾದ ಗಂಡಸರು ಹಗಲೂ ರಾತ್ರಿ ಯುದ್ಧದ ತಾಲೀಮು ಮಾಡಲು ಸಾಧ್ಯವಾದದ್ದೇ ಇವರ ದುಡಿಮೆಯಿಂದ. ಥರ್ಮೊಪಿಲೆಯ ಹೆಣಗಳಲ್ಲಿ ಹೆಲಟರೂ ಇದ್ದರೆಂದು ಹೆರೊಡೋಟಸ್ ಹೇಳುತ್ತಾನೆ. ಪ್ಲಾಟಿಯಾಕ್ಕೆ ಸ್ಪಾರ್ಟಾದ 5,000 ಪೌರರು ಹೋದಾಗ ಜೊತೆಗೆ 35,000 ಹೆಲಟರು ಹೋದರು, ಒಬ್ಬನಿಗೆ ಏಳು ಮಂದಿ. ಸಿನಿಮಾದಲ್ಲಿ ಸ್ವಾತಂತ್ರ್ಯ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಪ್ಲಾಟಿಯಾದ ದೃಶ್ಯದಲ್ಲಿ ಸ್ಪಾರ್ಟಾದ ಹಿಂದೆ ನಿಂತವರೆಲ್ಲ ಸ್ವತಂತ್ರ ಗ್ರೀಕರು. ಆ 35,000 ಜನ ಕಾಣಿಸುವುದೇ ಇಲ್ಲ.

ಮರೆಮಾಡುವುದು ಒಂದು ರೀತಿ, ವಿಕಾರ ಮಾಡುವುದು ಇನ್ನೊಂದು. ಕ್ಸೆರ್ಕ್ಸಿಸನಷ್ಟು ಎತ್ತರದ, ಸುಂದರನಾದ ಗಂಡಸು ಆ ಸೇನೆಯಲ್ಲಿ ಇನ್ನೊಬ್ಬ ಇರಲಿಲ್ಲ ಎಂದು ಹೇಳಿದವನು ಗ್ರೀಕನಾದ ಹೆರೊಡೋಟಸನೇ. ಪರ್ಸೆಪೊಲಿಸ್‌ನ ಕಲ್ಲುಕೆತ್ತನೆಗಳಲ್ಲಿ ಪರ್ಷಿಯಾದ ರಾಜರು ಉದ್ದ ಗಡ್ಡ, ನೆರಿಗೆಯ ನಿಲುವಂಗಿ, ಕಿರೀಟದಲ್ಲಿ ಕಾಣುತ್ತಾರೆ. ಸಿನಿಮಾದಲ್ಲಿ ಅವನು ಬೋಳುತಲೆಯ, ಮೈಯೆಲ್ಲ ಚುಚ್ಚಿಕೊಂಡ ದೈತ್ಯ. ಅಮರರು ಎಂದು ಹೆಸರಾದ ಅವನ ಹತ್ತು ಸಾವಿರದ ಪಡೆ ಮುಖವಾಡದ ಹಿಂದಿನ ರಾಕ್ಷಸರು. ಒಬ್ಬ ಸತ್ತರೆ ತಕ್ಷಣ ಇನ್ನೊಬ್ಬನನ್ನು ಸೇರಿಸಿ ಸಂಖ್ಯೆ ಕಾಪಾಡುತ್ತಿದ್ದರಿಂದ ಆ ಹೆಸರು ಬಂತೆಂದು ಹೆರೊಡೋಟಸ್ ವಿವರಿಸುತ್ತಾನೆ. ಸೂಸಾ ಅರಮನೆಯ ಮೆರುಗಿನ ಇಟ್ಟಿಗೆಗಳಲ್ಲಿ ಮೂಡಿರುವ ಈಟಿ ಹಿಡಿದ ಕಾವಲುಗಾರರು ಇವತ್ತು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದ್ದಾರೆ. ಅವರ ಉಡುಪಿನ ಕಸೂತಿ ಕಣ್ಣು ತುಂಬುವಷ್ಟು ಚೆಂದ. ಸಿನಿಮಾದವರಿಗೆ ಬಣ್ಣ ಬೇಕಿದ್ದರೆ ಅಲ್ಲೇ ಇತ್ತು. ಹೆರೊಡೋಟಸ್ ಈ ಸೇನೆಯ ಒಂದೊಂದು ಜನಾಂಗದ ಬಟ್ಟೆ, ಆಯುಧವನ್ನೂ ಪಟ್ಟಿ ಮಾಡಿದ್ದಾನೆ. ಹತ್ತಿಬಟ್ಟೆ ಉಟ್ಟು, ಬೆತ್ತದ ಬಿಲ್ಲು ಮತ್ತು ಕಬ್ಬಿಣದ ಮೊನೆಯ ಬಾಣ ಹಿಡಿದ ಭಾರತೀಯರೂ ಅದರಲ್ಲಿದ್ದಾರೆ. ಅಂಥ ವೈವಿಧ್ಯ ಬಿಟ್ಟು ಸಿನಿಮಾ ಆನೆ, ಘೇಂಡಾಮೃಗ ತಂದಿತು. ಪರ್ಷಿಯಾದ ಸೇನೆಯಲ್ಲಿ ಯುದ್ಧದಾನೆಗಳ ಮಾತು ಬರುವುದು ಕ್ರಿ.ಪೂ. 331ರಲ್ಲಿ, ಅಲೆಕ್ಸಾಂಡರ್ ಗೌಗಮೆಲಾದಲ್ಲಿ ಕಾದಿದಾಗ.

ಎಫಿಯಾಲ್ಟಿಸನ ಪಾತ್ರ ನನಗೆ ಅತಿ ಬೇಸರ ತರಿಸುತ್ತದೆ. ಬೆಟ್ಟದ ದಾರಿ ತೋರಿಸಿದವನು ಇವನು. ಹೆರೊಡೋಟಸನ ಪ್ರಕಾರ ಹತ್ತಿರದ ಮಾಲಿಸ್ ಪ್ರದೇಶದವನು, ಇನಾಮಿನ ಆಸೆಗೆ ಹಾಗೆ ಮಾಡಿದ. ಅವನ ಮೈಯ ಬಗ್ಗೆ ಒಂದು ಮಾತೂ ಇಲ್ಲ. ಸಿನಿಮಾ ಅವನನ್ನು ಗೂನುಬೆನ್ನಿನವನಾಗಿ ಮಾಡಿ, ಸ್ಪಾರ್ಟಾದಲ್ಲಿ ಸಾಯಿಸಬೇಕಿದ್ದ ಮಗು ಎಂದು ಹೇಳಿ, ದ್ರೋಹವನ್ನು ಆ ದೇಹಕ್ಕೇ ಅಂಟಿಸಿತು. ಊನವಿದ್ದ ಶಿಶುಗಳನ್ನು ಸ್ಪಾರ್ಟಾ ಎಸೆಯುತ್ತಿತ್ತು ಎಂಬ ಕಥೆ ನಮಗೆ ಸಿಗುವುದು ಪ್ಲುಟಾರ್ಕನಲ್ಲಿ. ಅವನು ಬರೆದದ್ದು ಥರ್ಮೊಪಿಲೆಯಾಗಿ ಐದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಅದೇ ಸ್ಪಾರ್ಟಾವನ್ನು ಮುಂದಿನ ಶತಮಾನದಲ್ಲಿ ಹೆಚ್ಚುಕಡಿಮೆ ನಲವತ್ತು ವರ್ಷ ಆಳಿ, ಸೇನೆ ನಡೆಸಿದ ಅಗೆಸಿಲಾಸ್ ಒಂದು ಕಾಲು ಕುಂಟನಾಗಿದ್ದ ರಾಜ.

ಇದೆಲ್ಲಕ್ಕೂ ಒಂದು ಉತ್ತರ ಇದೆ, ಅದು ತೀರಾ ಹಗುರವಾದ ಉತ್ತರವೂ ಅಲ್ಲ. ಕಥೆ ಹೇಳುತ್ತಿರುವವನು ಡಿಲಿಯೋಸ್, ನಾಳೆ ಯುದ್ಧಕ್ಕೆ ಹೋಗುವ ಸೈನಿಕರನ್ನು ಹುರಿದುಂಬಿಸಲು ಹೇಳುತ್ತಿದ್ದಾನೆ, ಆದ್ದರಿಂದ ಶತ್ರು ರಾಕ್ಷಸನಾಗಿ ಕಾಣುವುದು ಸಹಜ ಎಂಬುದು. ಚೆನ್ನಾದ ಯೋಚನೆಯೇ. ಆದರೆ ಅವನ ಮಾತನ್ನು ಅನುಮಾನಿಸಲು ಸಿನಿಮಾ ಒಂದು ಸಂದಿಯನ್ನೂ ಕೊಡುವುದಿಲ್ಲ. ಅವನ ಕಥೆ ಮುಗಿದ ಮೇಲೂ ಇನ್ನೊಂದು ಕಣ್ಣಿನಿಂದ ನೋಡುವ ಒಂದು ನಿಮಿಷ ಸಿಗುವುದಿಲ್ಲ. ಬರಹದಲ್ಲಾದರೆ ಇದು ಒಬ್ಬನ ಮಾತು ಎಂದು ಗುರುತು ಹಾಕಬಹುದು. ತೆರೆಯ ಮೇಲೆ ಕಂಡದ್ದು ನೇರ ಕಂಡದ್ದಾಗಿಯೇ ಮನಸ್ಸಲ್ಲಿ ಕೂರುತ್ತದೆ.

ಶೈಲಿ ಇಟ್ಟುಕೊಂಡೇ ಇದಕ್ಕಿಂತ ಚೆನ್ನಾಗಿ ಮಾಡಬಹುದು ಎಂಬುದಕ್ಕೆ ಅದೇ ಯುದ್ಧದ ಉದಾಹರಣೆ ಇದೆ. ಕ್ರಿ.ಪೂ. 472ರಲ್ಲಿ ಅಥೆನ್ಸಿನಲ್ಲಿ ಈಸ್ಕಿಲಸ್ 'ಪರ್ಷಿಯನ್ನರು' ಎಂಬ ನಾಟಕ ಆಡಿಸಿದ. ಅವನು ಪರ್ಷಿಯನ್ನರ ವಿರುದ್ಧ ಮ್ಯಾರಥಾನ್ ಯುದ್ಧದಲ್ಲಿ ಸ್ವತಃ ಕಾದಿದವನು, ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಅಲ್ಲೇ ಸತ್ತಿದ್ದ. ನೋಡುತ್ತಾ ಕೂತವರ ಊರನ್ನು ಕೇವಲ ಎಂಟು ವರ್ಷ ಹಿಂದೆ ಪರ್ಷಿಯನ್ನರು ಸುಟ್ಟಿದ್ದರು. ನಾಟಕದಲ್ಲಿ ಮುಖವಾಡ, ಮೇಳದ ಹಾಡು, ಡೇರಿಯಸನ ಪ್ರೇತ ಎಲ್ಲ ಇವೆ. ವಾಸ್ತವದ ನಕಲು ಅದಲ್ಲ. ಆದರೆ ಕಥೆ ನಡೆಯುವುದು ಸೂಸಾದಲ್ಲಿ. ಮಗ ಏನಾದ ಎಂದು ಕಾಯುವ ರಾಜಮಾತೆ ಅಲ್ಲಿದ್ದಾಳೆ. ಸಲಾಮಿಸ್‌ನ ಹಡಗಿನ ಯುದ್ಧದಲ್ಲಿ ಸತ್ತ ಪರ್ಷಿಯನ್ ನಾಯಕರ ಹೆಸರುಗಳನ್ನು ದೂತ ಒಂದೊಂದಾಗಿ ಹೇಳುತ್ತಾನೆ. ಅಥೆನ್ಸಿನ ಹೆಮ್ಮೆ ನಾಟಕದಲ್ಲಿ ಧಾರಾಳವಾಗಿದೆ, ಪರ್ಷಿಯಾದ ವೈಭೋಗವನ್ನು ಹಳಿಯುವ ದನಿಯೂ ಇದೆ. ಆದರೂ ಶತ್ರುವಿಗೆ ಹೆಸರಿದೆ, ತಾಯಿ ಇದ್ದಾಳೆ, ಅಳು ಇದೆ. ಅಂಥ ನಾಟಕಕ್ಕೆ ಅಥೆನ್ಸ್ ಮೊದಲ ಬಹುಮಾನ ಕೊಟ್ಟಿತು. ಗಾಯ ಹಸಿಯಾಗಿದ್ದಾಗ ಅವರಿಗೆ ಆದದ್ದು, ಎರಡೂವರೆ ಸಾವಿರ ವರ್ಷ ಆದ ಮೇಲೆ ನಮಗೆ ಯಾಕೆ ಆಗಬಾರದು?

ಇದು ಬರೀ ಕಲೆಯ ಪ್ರಶ್ನೆಯಾಗಿ ಉಳಿಯುವುದೂ ಇಲ್ಲ. '300' ಬಂದಾಗ ಇರಾನಿನ, ಅಂದರೆ ಇವತ್ತಿನ ಪರ್ಷಿಯಾದ, ಸರ್ಕಾರ ಬಹಿರಂಗವಾಗಿ ಪ್ರತಿಭಟಿಸಿತು. ದೇಶದ ಒಳಗೆ, ಹೊರಗೆ ಇದ್ದ ಸಾಮಾನ್ಯ ಇರಾನಿಯನ್ನರಿಗೂ ಅದು ನೋವು ಕೊಟ್ಟಿತು. ಆಯುಧ ಕೆಳಗಿಡು ಎಂದ ಕ್ಸೆರ್ಕ್ಸಿಸನಿಗೆ 'ಬಂದು ತೆಗೆದುಕೋ' ಎಂದು ಲಿಯೊನಿಡಾಸ್ ಉತ್ತರಿಸಿದನೆಂದು ಪ್ಲುಟಾರ್ಕ್ ಹೇಳುವ ಮಾತು ಇವತ್ತು ಅಮೆರಿಕದಲ್ಲಿ ಬಂದೂಕು ಹಕ್ಕಿನವರ ಟೀಶರ್ಟು, ಸ್ಟಿಕ್ಕರುಗಳ ಮೇಲಿದೆ. ಗ್ರೀಸಿನ ತೀವ್ರ ಬಲಪಂಥದ ಗೋಲ್ಡನ್ ಡಾನ್ ಪಕ್ಷ ಥರ್ಮೊಪಿಲೆಯ ಸ್ಮಾರಕದ ಮುಂದೆಯೇ ಪಂಜು ಹಿಡಿದು ಸಭೆ ನಡೆಸುತ್ತಿತ್ತು. ಇದಕ್ಕೆಲ್ಲ ಸಿನಿಮಾ ಒಂದೇ ಕಾರಣ ಅಂತ ನಾನು ಹೇಳಲಾರೆ. ಸ್ಪಾರ್ಟಾವನ್ನು ಆರಾಧಿಸುವ ಚಾಳಿ ಸಿನಿಮಾಕ್ಕಿಂತ ತುಂಬಾ ಹಳೆಯದು, ನಾಜಿಗಳಿಗೂ ಅದು ಇತ್ತು. ಆದರೆ ಒಂದು ಕಡೆ ಸ್ವಚ್ಛ ವೀರರು, ಇನ್ನೊಂದು ಕಡೆ ಮನುಷ್ಯರೇ ಅಲ್ಲದವರು ಎಂಬ ಚಿತ್ರ ಇಷ್ಟು ಚೆಂದವಾಗಿ, ಇಷ್ಟು ಸುಲಭವಾಗಿ ಕೈಗೆ ಸಿಕ್ಕಾಗ ಅದನ್ನು ಎತ್ತಿಕೊಳ್ಳುವವರು ಇದ್ದೇ ಇರುತ್ತಾರೆ.

ಹಾಗಾಗಿಯೇ ಎಲ್ಲ ತಪ್ಪುಗಳನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. 2024ರ 'ಗ್ಲಾಡಿಯೇಟರ್ 2'ರಲ್ಲಿ ರೋಮಿನ ಕೊಲೊಸಿಯಮ್‌ಗೆ ನೀರು ತುಂಬಿ ಶಾರ್ಕ್ ಬಿಟ್ಟಿದ್ದಾರೆಂದು ತುಂಬಾ ಗಲಾಟೆಯಾಯಿತು. ಕ್ರಿ.ಶ. 80ರಲ್ಲಿ ರೋಮಿನ ಚಕ್ರವರ್ತಿ ಟೈಟಸ್ ಆ ರಂಗಕ್ಕೆ ನೀರು ತುಂಬಿಸಿ ಹಡಗಿನ ಕಾಳಗದ ಆಟ ಆಡಿಸಿದನೆಂದು ರೋಮನ್ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆದಿದ್ದಾನೆ. ಶಾರ್ಕ್‌ಗೆ ಆಧಾರ ಇಲ್ಲ. ಇರಲಿ, ಅದರಿಂದ ಯಾರ ಮಾನವೂ ಹೋಗುವುದಿಲ್ಲ.

2014ರಲ್ಲಿ ಬಂದ '300'ರ ಎರಡನೇ ಭಾಗ, ಕ್ಸೆರ್ಕ್ಸಿಸನ ಕಡೆ ಕಾದಿದ ಆರ್ಟೆಮಿಸಿಯಾ ಎಂಬ ಹೆಣ್ಣಿಗೆ ಮಾಡಿದ್ದು ಹಾಗಲ್ಲ. ಅಲ್ಲಿ ಅವಳು ಗ್ರೀಕರಿಂದ ಎಲ್ಲ ಕಳೆದುಕೊಂಡು ಸೇಡಿಗಾಗಿ ಬದುಕುವ ಹೆಣ್ಣು, ಸಲಾಮಿಸ್‌ನಲ್ಲಿ ಸಾಯುತ್ತಾಳೆ. ನಿಜದಲ್ಲಿ ಅವಳು ಹ್ಯಾಲಿಕಾರ್ನಾಸಸ್ ಆಳುತ್ತಿದ್ದ ರಾಣಿ. ಹೆರೊಡೋಟಸ್ ಹುಟ್ಟಿದ ಊರೂ ಅದೇ. ಗಂಡ ಸತ್ತಿದ್ದ, ಮಗ ಚಿಕ್ಕವನು. ಐದು ಹಡಗು ತಂದಿದ್ದಳು. ಸಲಾಮಿಸ್‌ನಲ್ಲಿ ಹಡಗಿನ ಯುದ್ಧ ಬೇಡ, ಕಾದರೆ ಗ್ರೀಕರು ತಾವಾಗೇ ಚದುರುತ್ತಾರೆ ಎಂದು ರಾಜನ ಸಭೆಯಲ್ಲಿ ಹೇಳಿದವಳು ಅವಳೊಬ್ಬಳೇ. ಯುದ್ಧದಲ್ಲಿ ಅಥೆನ್ಸಿನ ಹಡಗು ಬೆನ್ನಟ್ಟಿದಾಗ ತನ್ನದೇ ಪಕ್ಷದ ಇನ್ನೊಂದು ಹಡಗಿಗೆ ಗುದ್ದಿ ಮುಳುಗಿಸಿದಳು. ಇವಳು ನಮ್ಮ ಕಡೆಯವಳೇ ಇರಬೇಕು ಎಂದುಕೊಂಡು ಅಥೆನ್ಸಿನವನು ಬೆನ್ನು ಬಿಟ್ಟ. ದಡದ ಮೇಲಿಂದ ನೋಡುತ್ತಿದ್ದ ಕ್ಸೆರ್ಕ್ಸಿಸ್ ಅವಳು ಶತ್ರುವಿನ ಹಡಗನ್ನು ಹೊಡೆದಳೆಂದು ತಿಳಿದು ಹೊಗಳಿದ. ಸೋತ ಮೇಲೆ ಮುಂದೇನು ಎಂದು ಅವಳನ್ನೇ ಕೇಳಿದ, ಊರಿಗೆ ಹೋಗು ಎಂಬ ಅವಳ ಮಾತನ್ನು ಕೇಳಿದ, ತನ್ನ ಮಕ್ಕಳನ್ನು ಎಫೆಸಸ್‌ಗೆ ತಲುಪಿಸುವ ಹೊಣೆಯನ್ನೂ ಅವಳಿಗೇ ಒಪ್ಪಿಸಿದ.

ಇದರಲ್ಲಿ ಬುದ್ಧಿ ಇದೆ, ಮೋಸ ಇದೆ, ಜೀವದಾಸೆ ಇದೆ, ಒಂದು ಅದ್ಭುತ ಹಡಗು ಬೆನ್ನಟ್ಟುವ ದೃಶ್ಯವೂ ಇದೆ. ನೀಲಿ ಪರದೆ, ನಿಧಾನ ಚಲನೆ, ಕೆಂಪು ಆಕಾಶ ಎಲ್ಲ ಹಾಕಿಯೇ ತೆಗೆಯಲಿ, ನನ್ನ ತಕರಾರಿಲ್ಲ. ಆ ರಾಣಿಯನ್ನು ನಾನು ತೆರೆಯ ಮೇಲೆ ನೋಡಬೇಕು. ಥೆಸ್ಪಿಯಾದ ಏಳುನೂರು ಜನರನ್ನೂ, ಸೂಸಾಕ್ಕೆ ಸಾಯಲು ನಡೆದ ಆ ಇಬ್ಬರನ್ನೂ.